ಬ್ಯಾಟರಿ ಎಷ್ಟು ವರ್ಷ ಬರುತ್ತೆ?

ಮನೆಯ ಹಿರಿಯರಿಗೆ ಪೇಸ್‌ಮೇಕರ್, ಅಂದರೆ ವಿದ್ಯುತ್ ಮಿಡಿತ ಕೊಟ್ಟು ಹೃದಯ ಬಡಿಸುವ ಡಬ್ಬಿ, ಹಾಕಬೇಕು ಅಂತ ಡಾಕ್ಟರು ಹೇಳಿದ ಕೂಡಲೇ ಜೊತೆಗೆ ಹೋದವರು ಕೇಳುವ ಪ್ರಶ್ನೆ ಎರಡು. ಎಷ್ಟು ಖರ್ಚಾಗುತ್ತೆ? ಬ್ಯಾಟರಿ ಎಷ್ಟು ವರ್ಷ ಬರುತ್ತೆ? ಮೊದಲನೆಯದು ಎಲ್ಲ ಕಾಯಿಲೆಗೂ ಇರುವ ಪ್ರಶ್ನೆ. ಎರಡನೆಯದರಲ್ಲೇ ಈ ಯಂತ್ರದ ಅರ್ಧ ಚರಿತ್ರೆ ಅಡಗಿದೆ. "ಬ್ಯಾಟರಿ ಬದಲಾಯಿಸಿದರು" ಅಂತ ನಾವು ರೂಢಿಯಲ್ಲಿ ಹೇಳುತ್ತೇವೆ, ಆದರೆ ಬ್ಯಾಟರಿಯನ್ನಷ್ಟೇ ಯಾರೂ ಬದಲಾಯಿಸುವುದಿಲ್ಲ. ಡಬ್ಬಿಯನ್ನು ಬೆಸುಗೆ ಹಾಕಿ ಮುಚ್ಚಿರುತ್ತಾರೆ, ಬಿಚ್ಚುವಂತಿಲ್ಲ. ಹೃದಯದೊಳಗೆ ಕೂತಿರುವ ತಂತಿ ಚೆನ್ನಾಗಿದ್ದರೆ ಅದನ್ನು ಹಾಗೇ ಬಿಟ್ಟು, ಎದೆಯ ಚರ್ಮವನ್ನು ಮತ್ತೆ ಕೊಯ್ದು, ಹಳೇ ಡಬ್ಬಿಯನ್ನು ಇಡಿಯಾಗಿ ತೆಗೆದು ಹೊಸದನ್ನು ಕೂರಿಸುತ್ತಾರೆ. ಅಂದರೆ ಬ್ಯಾಟರಿಯ ಆಯಸ್ಸು ಎಷ್ಟೋ, ಒಂದು ಆಪರೇಷನ್ನಿಗೂ ಇನ್ನೊಂದಕ್ಕೂ ನಡುವಿನ ನೆಮ್ಮದಿ ಅಷ್ಟು.

ಈ ಪ್ರಶ್ನೆಗೆ ಇವತ್ತು ಡಾಕ್ಟರು "ಎಂಟು, ಹತ್ತು ವರ್ಷ" ಅಂತ ಸಲೀಸಾಗಿ ಹೇಳಿಬಿಡುತ್ತಾರೆ. 1960ರಲ್ಲಿ ಇಂಥ ಡಬ್ಬಿಗಳನ್ನು ಕೈಯಲ್ಲೇ ಕಟ್ಟಿದ ವಿಲ್ಸನ್ ಗ್ರೇಟ್‌ಬ್ಯಾಚ್ ಐದು ವರ್ಷವಾದರೂ ಬಂದೀತು ಅಂದುಕೊಂಡಿದ್ದರು. ಬಂದದ್ದು ಎರಡು ವರ್ಷ, ಅದೂ ಅದೃಷ್ಟವಿದ್ದರೆ. ಗ್ರೇಟ್‌ಬ್ಯಾಚ್ ಬಗ್ಗೆ ಎಲ್ಲೇ ಓದಿದರೂ ಸಿಗುವುದು ಒಂದೇ ಕಥೆ: ತಪ್ಪು ರೆಸಿಸ್ಟರ್ (ಸರ್ಕ್ಯೂಟಿನಲ್ಲಿ ವಿದ್ಯುತ್ತಿನ ಹರಿವನ್ನು ತಡೆಯುವ ಸಣ್ಣ ಭಾಗ) ಕೈಗೆ ಬಂತು, ಪೇಸ್‌ಮೇಕರ್ ಹುಟ್ಟಿತು. ಕಥೆ ನಿಜವೇ. ಆದರೆ ಅಲ್ಲಿಗೇ ನಿಲ್ಲಿಸಿದರೆ ಆ ಮನುಷ್ಯ ಮಾಡಿದ ಕೆಲಸಕ್ಕೆ ಅನ್ಯಾಯವಾಗುತ್ತದೆ ಅಂತ ನನಗೆ ಬಹಳ ದಿನದಿಂದ ಅನ್ನಿಸಿದೆ. ಆ ಕ್ಷಣಕ್ಕೆ ಮೊದಲು ಸುಮಾರು ಐದು ವರ್ಷದ ಕಾಯುವಿಕೆ ಇತ್ತು, ಆಮೇಲೆ ಹದಿನೈದು ವರ್ಷದ ದುಡಿಮೆ ಇತ್ತು.

ಕಂದು, ಕಪ್ಪು, ಹಸಿರು

ಮೊದಲು ಆ ರೆಸಿಸ್ಟರನ್ನೇ ಹತ್ತಿರದಿಂದ ನೋಡೋಣ. 1956ರ ಆಸುಪಾಸು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋ ಊರು. ಹೃದಯದ ಸದ್ದನ್ನು ದಾಖಲಿಸುವ ಒಂದು ಉಪಕರಣಕ್ಕಾಗಿ ಗ್ರೇಟ್‌ಬ್ಯಾಚ್ ಆಸಿಲೇಟರ್, ಅಂದರೆ ಒಂದೇ ಲಯದಲ್ಲಿ ಮಿಡಿಯುವ ಸರ್ಕ್ಯೂಟ್, ಕಟ್ಟುತ್ತಿದ್ದರು. ಬೇಕಾಗಿದ್ದು 10 ಕಿಲೋಓಮ್ ರೆಸಿಸ್ಟರ್. ರೆಸಿಸ್ಟರಿನ ತಡೆ ಎಷ್ಟು ಓಮ್ ಅನ್ನುವುದನ್ನು ಅದರ ಮೈಮೇಲಿನ ಬಣ್ಣದ ಪಟ್ಟಿಗಳಿಂದ ಓದಬೇಕು. 10 ಕಿಲೋಓಮ್ ಅಂದರೆ ಕಂದು, ಕಪ್ಪು, ಕಿತ್ತಳೆ. 1 ಮೆಗಾಓಮ್ ಅಂದರೆ ಕಂದು, ಕಪ್ಪು, ಹಸಿರು. ಮೊದಲೆರಡು ಪಟ್ಟಿ ಒಂದೇ, ವ್ಯತ್ಯಾಸವೆಲ್ಲ ಮೂರನೆಯದರಲ್ಲಿ. ಆದರೆ ಆ ಒಂದು ಪಟ್ಟಿಯಿಂದ ತಡೆ ನೂರು ಪಟ್ಟು ಬದಲಾಗುತ್ತದೆ. ಬೆಸುಗೆ ಹಾಕಿ ಅಭ್ಯಾಸವಿರುವ ಯಾರಿಗಾದರೂ ಗೊತ್ತು, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಇಂಥ ಸಣ್ಣ ಪಟ್ಟಿ ಕಣ್ಣಿಗೆ ಮೋಸ ಮಾಡುವುದು ಎಷ್ಟು ಸುಲಭ ಅಂತ. ಡಬ್ಬಕ್ಕೆ ಕೈ ಹಾಕಿ ಗ್ರೇಟ್‌ಬ್ಯಾಚ್ ಎತ್ತಿಕೊಂಡದ್ದು ಹಸಿರು ಪಟ್ಟಿಯದು.

ಆ ಸರ್ಕ್ಯೂಟ್ ಬ್ಲಾಕಿಂಗ್ ಆಸಿಲೇಟರ್ ಜಾತಿಯದು. ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್ ಒಮ್ಮೆ ಆನ್ ಆಗಲು ಶುರುವಾದರೆ ಟ್ರಾನ್ಸ್‌ಫಾರ್ಮರ್ ಅದನ್ನು ಇನ್ನಷ್ಟು ಒತ್ತಿ ಪೂರ್ತಿ ಆನ್ ಮಾಡುತ್ತದೆ. ಅಷ್ಟರಲ್ಲಿ ವಿದ್ಯುತ್ತನ್ನು ಹಿಡಿದಿಡುವ ಒಂದು ಕೆಪಾಸಿಟರ್ ತುಂಬಿಕೊಂಡು ಟ್ರಾನ್ಸಿಸ್ಟರಿಗೆ ಅಡ್ಡ ನಿಂತು ಆಫ್ ಮಾಡುತ್ತದೆ. ಆ ಕೆಪಾಸಿಟರಿನ ಚಾರ್ಜ್ ರೆಸಿಸ್ಟರ್ ಮೂಲಕ ಇಳಿದುಹೋಗುವ ತನಕ ಸರ್ಕ್ಯೂಟ್ ಸುಮ್ಮನಿರುತ್ತದೆ, ಇಳಿದ ಮೇಲೆ ಮತ್ತೆ ಮೊದಲಿನಿಂದ. ಎಷ್ಟು ಹೊತ್ತು ಸುಮ್ಮನಿರಬೇಕು ಅನ್ನುವುದನ್ನು ರೆಸಿಸ್ಟರು ಮತ್ತು ಕೆಪಾಸಿಟರು ಸೇರಿ ನಿರ್ಧರಿಸುತ್ತವೆ. ಲೆಕ್ಕಕ್ಕೆ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ತೆಗೆದುಕೊಳ್ಳಿ: 10 ಕಿಲೋಓಮ್ ಜೊತೆಗೆ ಅದರ ಕಾಲಮಾನ ಸೆಕೆಂಡಿನ ನೂರನೇ ಒಂದು ಭಾಗ, 1 ಮೆಗಾಓಮ್ ಜೊತೆಗೆ ಸರಿಯಾಗಿ ಒಂದು ಸೆಕೆಂಡು. ಗ್ರೇಟ್‌ಬ್ಯಾಚರ ಮೇಜಿನ ಮೇಲಿದ್ದ ಸರ್ಕ್ಯೂಟ್ 1.8 ಮಿಲಿಸೆಕೆಂಡು ಮಿಡಿಯಿತು, ಒಂದು ಸೆಕೆಂಡು ಸುಮ್ಮನಾಯಿತು, ಮತ್ತೆ ಮಿಡಿಯಿತು.

ಬೇರೆ ಯಾರೇ ಆಗಿದ್ದರೂ ನಾಲಿಗೆ ಕಚ್ಚಿಕೊಂಡು ರೆಸಿಸ್ಟರ್ ಕಿತ್ತು ಹಾಕುತ್ತಿದ್ದರು. ಸರ್ಕ್ಯೂಟ್ ಕಟ್ಟುವವರ ದಿನದಲ್ಲಿ ಇಂಥ ತಪ್ಪು ಹತ್ತಾಗುತ್ತವೆ. ಗ್ರೇಟ್‌ಬ್ಯಾಚ್ ಅದನ್ನು ನೋಡುತ್ತಾ ನಿಂತರು. ನಿಂತರು ಯಾಕೆಂದರೆ ಈ ಲಯಕ್ಕಾಗಿ ಅವರ ತಲೆಯಲ್ಲಿ ಒಂದು ಜಾಗ ಆಗಲೇ ಖಾಲಿಯಿತ್ತು.

ಯುದ್ಧನೌಕೆಯಿಂದ ಕುರಿಹಟ್ಟಿಗೆ

ಅವರು ಹುಟ್ಟಿದ್ದು 1919ರಲ್ಲಿ, ಬಫಲೋದಲ್ಲೇ. ಹುಡುಗನಾಗಿದ್ದಾಗ ಸ್ಕೌಟ್ಸ್ ಸೇರಿ ರೇಡಿಯೋ ಹುಚ್ಚು ಹತ್ತಿಸಿಕೊಂಡರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಗೆ ಸೇರಿ ರೇಡಿಯೋ ಕೆಲಸ ಮಾಡಿದರು. ಪೆಸಿಫಿಕ್ ಸಾಗರದಲ್ಲಿ ವಿಮಾನವಾಹಕ ನೌಕೆಯಿಂದ ಹಾರುತ್ತಿದ್ದ ಯುದ್ಧವಿಮಾನಗಳ ಹಿಂದಿನ ಸೀಟಿನಲ್ಲಿ ಬಂದೂಕು ಹಿಡಿದು ಕೂತರು. ಹೊರಟ ವಿಮಾನಗಳಲ್ಲಿ ಎಲ್ಲವೂ ವಾಪಸು ಬರುತ್ತಿರಲಿಲ್ಲ. ಪಕ್ಕದವನು ಸತ್ತು ತಾನು ಉಳಿದದ್ದಕ್ಕೆ ಯಾವ ಲೆಕ್ಕವೂ ಇಲ್ಲ ಅನ್ನುವುದನ್ನು ಕಣ್ಣಾರೆ ಕಂಡವರು ಅವರು. ಅವರ ದೈವಭಕ್ತಿ ಗಟ್ಟಿಯಾದದ್ದು ಅಲ್ಲಿಯೇ.

ಯುದ್ಧ ಮುಗಿದ ಮೇಲೆ ಒಂದು ವರ್ಷ ಟೆಲಿಫೋನ್ ರಿಪೇರಿ ಕೆಲಸ ಮಾಡಿದರು. ಆಮೇಲೆ, ವಾಪಸು ಬಂದ ಸೈನಿಕರನ್ನು ಸರಕಾರದ ಖರ್ಚಿನಲ್ಲಿ ಓದಿಸಲು 1944ರಲ್ಲಿ ಮಾಡಿದ ಜಿಐ ಬಿಲ್ ಕಾಯಿದೆಯ ನೆರವಿನಿಂದ ಕಾರ್ನೆಲ್ ವಿಶ್ವವಿದ್ಯಾಲಯ ಸೇರಿ 1950ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಪಡೆದರು. ಹೆಂಡತಿ ಮಕ್ಕಳಿದ್ದ ಸಂಸಾರಸ್ಥ ಅವರು, ಸರಕಾರದ ದುಡ್ಡೊಂದೇ ಸಾಲುತ್ತಿರಲಿಲ್ಲ. ಹಾಗಾಗಿ ವಿಶ್ವವಿದ್ಯಾಲಯದ ಪ್ರಾಣಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಹಿಡಿದರು. ನೂರರಷ್ಟು ಕುರಿ ಮೇಕೆಗಳಿಗೆ ಉಪಕರಣ ಕಟ್ಟಿ ಎದೆಬಡಿತ, ರಕ್ತದೊತ್ತಡ ಅಳೆಯುವ ಕೆಲಸ. 1951ರಲ್ಲಿ ಅಲ್ಲಿಗೆ ಬಂದಿದ್ದ ಇಬ್ಬರು ಸರ್ಜನ್ನರ ಜೊತೆ ಬುತ್ತಿ ಬಿಚ್ಚಿ ಕೂತು ಮಾತಾಡುವಾಗ ಹಾರ್ಟ್ ಬ್ಲಾಕ್ ಎಂಬ ಮಾತು ಅವರ ಕಿವಿಗೆ ಬಿತ್ತು.

ನಮ್ಮಲ್ಲಿ ಹಾರ್ಟ್ ಬ್ಲಾಕ್ ಅಂದರೆ ರಕ್ತನಾಳ ಕಟ್ಟಿಕೊಳ್ಳುವುದು ಅಂತಲೇ ಎಲ್ಲರೂ ತಿಳಿಯುತ್ತಾರೆ, ಇದು ಅದಲ್ಲ. ಹೃದಯದ ಮೇಲಿನ ಕೋಣೆಗಳಲ್ಲಿ ಹುಟ್ಟುವ ವಿದ್ಯುತ್ ಸಂಕೇತ ಕೆಳಗಿನ ಕೋಣೆಗಳಿಗೆ ದಾಟದೆ ನಡುವೆಯೇ ನಿಂತುಬಿಡುವ ತೊಂದರೆ. ಕೆಳಗಿನ ಕೋಣೆಗಳು ಆಗ ತಮ್ಮಷ್ಟಕ್ಕೆ ನಿಮಿಷಕ್ಕೆ ಮೂವತ್ತು ನಲವತ್ತು ಸಲ ಬಡಿಯುತ್ತವೆ. ಮಿದುಳಿಗೆ ರಕ್ತ ಸಾಲದೆ ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ, ಕೆಲವೊಮ್ಮೆ ಏಳುವುದಿಲ್ಲ. ಎಂಜಿನಿಯರನ ಕಿವಿಗೆ ಇದು ಕಾಯಿಲೆಯಾಗಿ ಕೇಳಿಸಲಿಲ್ಲ. ಸಿಗ್ನಲ್ ಹುಟ್ಟುತ್ತಿದೆ, ಲೈನ್ ಕಟ್ಟಾಗಿದೆ, ಆಚೆ ಬದಿಗೆ ಇನ್ನೊಂದು ಸಿಗ್ನಲ್ ಕೊಟ್ಟರೆ ಆಯಿತು. ಹಡಗಿನಲ್ಲಿ ರೇಡಿಯೋ, ಊರಲ್ಲಿ ಟೆಲಿಫೋನ್ ಲೈನ್ ರಿಪೇರಿ ಮಾಡಿದವರಿಗೆ ಇದು ಗುರುತಿನ ತೊಂದರೆ. ಆದರೆ 1951ರಲ್ಲಿ ಕೈಯಲ್ಲಿದ್ದದ್ದು ಹಳೇ ರೇಡಿಯೋಗಳಲ್ಲಿದ್ದ ಬಿಸಿಯಾಗುವ ಗಾಜಿನ ವಾಲ್ವುಗಳು, ದೊಡ್ಡ ಬ್ಯಾಟರಿಗಳು. ಅವನ್ನು ಮೈಯೊಳಗೆ ಇಡುವುದು ಸಾಧ್ಯವಿರಲಿಲ್ಲ. ಆ ಯೋಚನೆಯನ್ನು ಹಾಗೇ ಎತ್ತಿಟ್ಟುಕೊಂಡರು. ಸಿಲಿಕಾನ್ ಟ್ರಾನ್ಸಿಸ್ಟರ್ ಮಾರುಕಟ್ಟೆಗೆ ಬಂದು, ಹಸಿರು ಪಟ್ಟಿಯ ರೆಸಿಸ್ಟರ್ ಕೈಗೆ ಸಿಕ್ಕ ದಿನ ಎರಡೂ ಕೂಡಿಕೊಂಡವು.

ತಿಂಗಳಿಗೊಮ್ಮೆ ಸೇರುತ್ತಿದ್ದವರು

ಎಂಜಿನಿಯರು ಒಬ್ಬನೇ ಇದನ್ನು ಮುಂದಕ್ಕೆ ಒಯ್ಯುವಂತಿರಲಿಲ್ಲ. ಎದೆ ತೆರೆಯಬಲ್ಲ ಡಾಕ್ಟರು ಬೇಕು, ಕೇಳಿದ ತಕ್ಷಣ ನಗದ ಡಾಕ್ಟರು ಬೇಕು. ಇಲ್ಲಿ ಬಫಲೋದ ಒಂದು ಸಣ್ಣ ಕೂಟದ ಪಾತ್ರ ಬರುತ್ತದೆ. ರೇಡಿಯೋ ಎಂಜಿನಿಯರುಗಳ ಸಂಘದ ಸ್ಥಳೀಯ ವೈದ್ಯಕೀಯ ವಿಭಾಗ ಅದು. ಎಂಜಿನಿಯರುಗಳೂ ಡಾಕ್ಟರುಗಳೂ ತಿಂಗಳಿಗೊಮ್ಮೆ ಸೇರುತ್ತಿದ್ದರು. ಯಾವುದಾದರೂ ಡಾಕ್ಟರಿಗೆ ಉಪಕರಣದ ತಾಪತ್ರಯ ಇದ್ದರೆ ಎಂಜಿನಿಯರುಗಳ ತಂಡ ಹೋಗಿ ನೋಡಿಕೊಂಡು ಬರುತ್ತಿತ್ತು. ಊರಿನ ಮಾಜಿ ಸೈನಿಕರ ಆಸ್ಪತ್ರೆಯ ಸರ್ಜನ್ ವಿಲಿಯಂ ಚಾರ್ಡ್ಯಾಕ್ ಅವರನ್ನು ಗ್ರೇಟ್‌ಬ್ಯಾಚ್ ನೋಡಲು ಹೋದದ್ದು ಹಾಗೆಯೇ, ರಕ್ತದ ಆಮ್ಲಜನಕ ಅಳೆಯುವ ಒಂದು ಉಪಕರಣದ ತೊಂದರೆಗೆ. ಅದನ್ನು ಸರಿಮಾಡಲು ಆಗಲಿಲ್ಲ. ಹೊರಡುವ ಮುಂಚೆ ತಮ್ಮ ತಲೆಯಲ್ಲಿದ್ದುದನ್ನು ಹೇಳಿದರು. ಚಾರ್ಡ್ಯಾಕ್ ಪ್ರಯೋಗಾಲಯದಲ್ಲಿ ಅತ್ತಿಂದಿತ್ತ ನಡೆದಾಡಿ, ಅದನ್ನು ಮಾಡಿಕೊಟ್ಟರೆ ವರ್ಷಕ್ಕೆ ಹತ್ತು ಸಾವಿರ ಜೀವ ಉಳಿಸಬಹುದು ಅಂದರು. ಮೂರೇ ವಾರದಲ್ಲಿ ಮಾದರಿ ತಯಾರಾಯಿತು.

1958ರ ಮೇ 7. ಚಾರ್ಡ್ಯಾಕ್ ಮತ್ತು ಜೊತೆಯ ಸರ್ಜನ್ ಆಂಡ್ರ್ಯೂ ಗೇಜ್ ಒಂದು ನಾಯಿಯ ಎದೆ ತೆರೆದು ಹೃದಯ ಕಾಣುವಂತೆ ಮಾಡಿದ್ದರು. ಗ್ರೇಟ್‌ಬ್ಯಾಚ್ ಎರಡು ತಂತಿಗಳನ್ನು ಅದಕ್ಕೆ ತಾಗಿಸಿದರು. ಹೃದಯ ಸರ್ಕ್ಯೂಟಿನ ಲಯಕ್ಕೆ ಬಡಿಯತೊಡಗಿತು, ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಉಪಕರಣ ಕೆಲಸ ಮಾಡಿದ್ದು ನಾಲ್ಕು ಗಂಟೆ. ಎಲೆಕ್ಟ್ರಿಷಿಯನ್ನರು ವೈರಿಗೆ ಸುತ್ತುವ ಟೇಪನ್ನೇ ಸುತ್ತಿ ಮುಚ್ಚಿದ್ದರು. ಮೈಯೊಳಗಿನ ಉಪ್ಪುನೀರು ನುಗ್ಗಿ ಎಲ್ಲವನ್ನೂ ಶಾರ್ಟ್ ಮಾಡಿತು. ಹಡಗಿನ ಮೇಲೆ ಸಮುದ್ರದ ಗಾಳಿ ರೇಡಿಯೋಗೆ ಮಾಡುವುದನ್ನೇ ರಕ್ತ ಇಲ್ಲಿ ಮಾಡುತ್ತಿತ್ತು. ಟೇಪು ಬಿಟ್ಟು ಇಡೀ ಸರ್ಕ್ಯೂಟನ್ನು ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟಿನಲ್ಲಿ ಎರಕ ಹೊಯ್ದ ಮೇಲೆ ಪ್ರಾಣಿಗಳಲ್ಲಿ ಅದರ ಆಯಸ್ಸು ನಾಲ್ಕು ತಿಂಗಳ ತನಕ ಏರಿತು.

ಇದೇ ಹೊತ್ತಿಗೆ ಬೇರೆಯವರೂ ಇದರ ಬೆನ್ನು ಹತ್ತಿದ್ದರು. 1952ರಿಂದ ಅಮೆರಿಕದ ಹೃದಯತಜ್ಞ ಪಾಲ್ ಝೋಲ್ ಎದೆಯ ಚರ್ಮದ ಮೇಲಿನಿಂದಲೇ ಶಾಕ್ ಕೊಟ್ಟು ಹೃದಯ ಬಡಿಸುತ್ತಿದ್ದರು. ಜೀವ ಉಳಿಯುತ್ತಿತ್ತು, ನೋವು ತಡೆಯುವಂತಿರಲಿಲ್ಲ, ಚರ್ಮ ಸುಡುತ್ತಿತ್ತು. ಉಪಕರಣವೋ ಗೋಡೆಯ ಪ್ಲಗ್ಗಿಗೆ ಕಟ್ಟುಬಿದ್ದದ್ದು. 1957ರ ಅಕ್ಟೋಬರ್ 31ರಂದು ಮಿನಿಯಾಪೊಲಿಸ್ ಊರಲ್ಲಿ ಕರೆಂಟ್ ಹೋಯಿತು. ಆ ಮೇಲೆ ಸರ್ಜನ್ ವಾಲ್ಟನ್ ಲಿಲಿಹೈ ಕೇಳಿಕೊಂಡರು ಅಂತ ಅರ್ಲ್ ಬಾಕೆನ್ ನಾಲ್ಕೇ ವಾರದಲ್ಲಿ ಬ್ಯಾಟರಿಯ ಪೇಸ್‌ಮೇಕರ್ ಮಾಡಿಕೊಟ್ಟರು. ಆದರೆ ಅದು ಮೈಹೊರಗೆ ಕಟ್ಟಿಕೊಳ್ಳುವಂಥದ್ದು. ಬಾಕೆನ್ ಕೂಡ ಎಲೆಕ್ಟ್ರಿಕಲ್ ಎಂಜಿನಿಯರೇ, ಯುದ್ಧಕಾಲದಲ್ಲಿ ಸೇನೆಯಲ್ಲಿ ರೇಡಾರ್ ಕಲಿಸಿದವರು. ರೇಡಾರ್, ರೇಡಿಯೋ ಕಲಿತ ಆ ಪೀಳಿಗೆಯ ಕೈಗಳು ಯುದ್ಧ ಮುಗಿದ ಮೇಲೆ ಆಸ್ಪತ್ರೆಗಳ ಕಡೆ ತಿರುಗಿದ್ದು ಕಾಕತಾಳೀಯವಲ್ಲ. 1958ರ ಅಕ್ಟೋಬರಿನಲ್ಲಿ ಸ್ವೀಡನ್ನಿನಲ್ಲಿ ರೂನೆ ಎಲ್ಮ್‌ಕ್ವಿಸ್ಟ್ ಕಟ್ಟಿದ, ಓಕೆ ಸೆನ್ನಿಂಗ್ ಕೂರಿಸಿದ ಪೇಸ್‌ಮೇಕರ್ ಮನುಷ್ಯನ ಮೈಯೊಳಗೆ ಹೋದ ಮೊದಲನೆಯದಾಯಿತು. ಅದು ಕೆಲವೇ ಗಂಟೆ ನಡೆಯಿತು. ರೋಗಿ ಆರ್ನೆ ಲಾರ್ಸನ್ ಮಾತ್ರ 2001ರ ತನಕ ಬದುಕಿದರು, ಒಂದಾದ ಮೇಲೊಂದರಂತೆ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್ ಬದಲಾಯಿಸಿಕೊಂಡು. ಆ ಒಂದೊಂದು ಬದಲಾವಣೆಯೂ ಮತ್ತೊಂದು ಸಲ ಮೈ ಕೊಯ್ಯಿಸಿಕೊಂಡದ್ದು.

ಮಲಗುವ ಕೋಣೆಯ ಟಕ್ ಟಕ್

ಗ್ರೇಟ್‌ಬ್ಯಾಚ್ ಸಂಬಳದ ಕೆಲಸ ಬಿಟ್ಟರು. ಕೈಯಲ್ಲಿ 2,000 ಡಾಲರ್, ಜೊತೆಗೆ ಎರಡು ವರ್ಷ ಸಂಸಾರ ನಡೆಯುವಷ್ಟು ಉಳಿತಾಯ, ತರಕಾರಿಗೆ ಮನೆಯ ಹಿತ್ತಿಲು. ಬಫಲೋ ಪಕ್ಕದ ಕ್ಲಾರೆನ್ಸ್ ಎಂಬಲ್ಲಿ ಮನೆ ಹಿಂದಿನ ಕೊಟ್ಟಿಗೆಯೇ ಕಾರ್ಖಾನೆ, ಚಳಿಗೆ ಸೌದೆ ಒಲೆ. ಎರಡು ವರ್ಷದಲ್ಲಿ 50 ಪೇಸ್‌ಮೇಕರ್ ಕೈಯಲ್ಲೇ ಕಟ್ಟಿದರು. 40 ಪ್ರಾಣಿಗಳಿಗೆ ಹೋದವು, 10 ಮನುಷ್ಯರಿಗೆ.

ಆ ದಿನಗಳ ಒಂದು ಚಿತ್ರ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಟ್ರಾನ್ಸಿಸ್ಟರುಗಳನ್ನು ಬಿಸಿಯಲ್ಲಿಟ್ಟು ಪರೀಕ್ಷಿಸಲು ಎರಡು ಓವನ್‌ಗಳನ್ನು ಗಂಡ ಹೆಂಡತಿ ತಮ್ಮ ಮಲಗುವ ಕೋಣೆಯಲ್ಲೇ ಇಟ್ಟುಕೊಂಡಿದ್ದರು. ಗೋಡೆಯ ಹತ್ತಿರ ಪರೀಕ್ಷೆಯ ಸಲಕರಣೆ. ಹೆಂಡತಿ ಎಲಿನರ್ ಒಂದೊಂದೇ ಟ್ರಾನ್ಸಿಸ್ಟರನ್ನು ಅದಕ್ಕೆ ಸಿಕ್ಕಿಸಿ, ಮರದ ಪೆನ್ಸಿಲ್ಲಿನಿಂದ ಟಕ್ ಅಂತ ತಟ್ಟಿ, ಮೀಟರಿನ ಮುಳ್ಳು ನೋಡುತ್ತಿದ್ದರು. ಎಷ್ಟೋ ದಿನ ಗ್ರೇಟ್‌ಬ್ಯಾಚರಿಗೆ ಬೆಳಗಾಗುತ್ತಿದ್ದದ್ದೇ ಆ ಸದ್ದಿನಿಂದ. ತಟ್ಟುವುದು ಯಾಕೆಂದರೆ, ಒಳಗಿನ ಕೂದಲೆಳೆಯಂಥ ತಂತಿಯ ಬೆಸುಗೆ ಸಡಿಲವಾಗಿದ್ದರೆ ಸುಮ್ಮನಿಟ್ಟಾಗ ಎಲ್ಲ ಸರಿಯಾಗೇ ಕಾಣುತ್ತದೆ, ಅಲುಗಿಸಿದಾಗ ಮಾತ್ರ ಮುಳ್ಳು ಜಿಗಿಯುತ್ತದೆ. ರೋಗಿ ಮೆಟ್ಟಿಲಿಳಿಯುತ್ತಾರೆ, ಕೆಮ್ಮುತ್ತಾರೆ, ಬಸ್ಸಿನಲ್ಲಿ ಕುಲುಕಾಡುತ್ತಾರೆ. ಮುಳ್ಳು ತೋರಿಸುತ್ತಿದ್ದದ್ದು ಲೀಕೇಜ್ ಕರೆಂಟನ್ನು, ಅಂದರೆ ಟ್ರಾನ್ಸಿಸ್ಟರ್ ಆಫ್ ಇದ್ದಾಗಲೂ ಸೋರಿಹೋಗುವ ವಿದ್ಯುತ್ತನ್ನು. ರೇಡಿಯೋ ಸೆಟ್ಟಿನಲ್ಲಿ ಅದನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಇಲ್ಲಿ ಸೋರಿಕೆ ಹೆಚ್ಚಾದರೆ ಬ್ಯಾಟರಿ ಬೇಗ ಬರಿದಾಗುತ್ತದೆ, ಮಿಡಿತದ ಲೆಕ್ಕವೂ ತಪ್ಪುತ್ತದೆ. ಜಗತ್ತಿನ ಅತಿ ಎಚ್ಚರದ ಗುಣಪರೀಕ್ಷೆ ಒಂದು ಮನೆಯ ಮಂಚದ ಪಕ್ಕ ನಡೆದದ್ದನ್ನು ನೆನೆದಾಗ, ಈ ಕಥೆಯಲ್ಲಿ ಎಲಿನರ್ ಹೆಸರು ಇನ್ನಷ್ಟು ಸಲ ಬರಬೇಕು ಅನ್ನಿಸುತ್ತದೆ.

1960ರಲ್ಲಿ ಚಾರ್ಡ್ಯಾಕ್ ಈ ಪೇಸ್‌ಮೇಕರನ್ನು 77 ವರ್ಷದ ಒಬ್ಬ ರೋಗಿಗೆ ಹಾಕಿದರು. ಅವರು 18 ತಿಂಗಳು ಬದುಕಿದರು. 1961ರಲ್ಲಿ ಪೇಸ್‌ಮೇಕರ್ ಮಾಡುವ ಹಕ್ಕು ಬಾಕೆನ್ ಅವರ ಮೆಡ್‌ಟ್ರಾನಿಕ್ ಕಂಪನಿಗೆ ಹೋಯಿತು, 1962ರಲ್ಲಿ ಪೇಟೆಂಟ್ ಬಂತು. ಸಾಧಾರಣವಾಗಿ ಇಂಥ ಕಥೆಗಳು ಇಲ್ಲಿಗೆ ಮುಗಿಯುತ್ತವೆ.

ಡಬ್ಬಿಯೊಳಗಿನ ಶತ್ರು

ಆದರೆ ಡಬ್ಬಿಗಳು ಎರಡು ವರ್ಷಕ್ಕೇ ವಾಪಸು ಬರುತ್ತಿದ್ದವು. ಒಳಗಿದ್ದದ್ದು ಪಾದರಸ ಮತ್ತು ಸತುವಿನ ಸೆಲ್ಲುಗಳು, ಒಂದೊಂದೂ 1.35 ವೋಲ್ಟ್, ಸಾಲಾಗಿ ಜೋಡಿಸಿದ್ದು. ಕಾಗದದ ಮೇಲೆ ಅವುಗಳ ಲೆಕ್ಕ ಚೆನ್ನಾಗಿತ್ತು. ತೊಂದರೆ ಬೇರೆ ಕಡೆ ಇತ್ತು. ಈ ಸೆಲ್ಲು ಕೆಲಸ ಮಾಡುವಾಗ ಹೈಡ್ರೋಜನ್ ಅನಿಲ ಬಿಡುತ್ತದೆ. ಅದು ಹೊರಹೋಗಲು ದಾರಿ ಬೇಕು, ಹಾಗಾಗಿ ಲೋಹದ ಡಬ್ಬಿಯಲ್ಲಿ ಗಾಳಿಯಾಡದಂತೆ ಮುಚ್ಚುವ ಹಾಗಿಲ್ಲ. ಎಪಾಕ್ಸಿಯ ಮೂಲಕ ಅನಿಲ ನಿಧಾನವಾಗಿ ಹೊರಹೋಗುತ್ತದೆ ಸರಿ, ಆದರೆ ಅದೇ ದಾರಿಯಲ್ಲಿ ಮೈಯ ತೇವ ಒಳಗೂ ಬರುತ್ತದೆ. ನೋಡಲು ಗಾಜಿನಂತೆ ಗಟ್ಟಿಯಾಗಿದ್ದರೂ ಎಪಾಕ್ಸಿ ನೀರಾವಿಗೆ ಪೂರ್ತಿ ಅಡ್ಡಗೋಡೆಯಲ್ಲ. 37 ಡಿಗ್ರಿ ಬಿಸಿ, ನೂರಕ್ಕೆ ನೂರು ತೇವ, ಉಪ್ಪು: ಎಲೆಕ್ಟ್ರಾನಿಕ್ಸ್‌ಗೆ ಮನುಷ್ಯನ ಮೈಗಿಂತ ಕೆಟ್ಟ ಜಾಗ ಸಿಗುವುದು ಕಷ್ಟ.

ಇನ್ನೊಂದು ತೊಂದರೆ ಸಾಯುವ ರೀತಿಯದು. ಪಾದರಸದ ಸೆಲ್ಲು ಕೊನೆಯ ತನಕ ಅದೇ ವೋಲ್ಟೇಜ್ ಕೊಟ್ಟು ಆಮೇಲೆ ತಟ್ಟನೆ ಬಿದ್ದುಹೋಗುತ್ತದೆ. ಟಾರ್ಚಿನಲ್ಲಿ ಇದು ಒಳ್ಳೆಯ ಗುಣ, ಕೊನೆಗೂ ಬೆಳಕು ಮಂಕಾಗುವುದಿಲ್ಲ. ಎದೆಯೊಳಗೆ ಇದು ಅಪಾಯ. ಮುನ್ಸೂಚನೆಯೇ ಇಲ್ಲ. ಸರ್ಕ್ಯೂಟ್ ಹದಗೆಟ್ಟು ಮಿಡಿತ ನಿಲ್ಲುವ ಬದಲು ಓಡತೊಡಗಿ ರೋಗಿಯ ಹೃದಯವನ್ನೇ ಓಡಿಸಿದ ಪ್ರಸಂಗಗಳೂ ಇದ್ದವು.

ಪೇಸ್‌ಮೇಕರ್ ಮಾಡಿ ಹೆಸರಾದ ಮನುಷ್ಯ ಆಗ ಪೇಸ್‌ಮೇಕರನ್ನೇ ಬದಿಗಿಟ್ಟರು. ಸರ್ಕ್ಯೂಟ್ ಸರಿಯಿದೆ, ಸೋಲುತ್ತಿರುವುದು ಬ್ಯಾಟರಿ, ಹಾಗಾದರೆ ನನ್ನ ಕೆಲಸ ಬ್ಯಾಟರಿ. ಐವತ್ತು ದಾಟಿದ ಎಲೆಕ್ಟ್ರಿಕಲ್ ಎಂಜಿನಿಯರು ರಸಾಯನಶಾಸ್ತ್ರಕ್ಕೆ ಇಳಿದರು. 1970ರಲ್ಲಿ ಅದಕ್ಕೆಂದೇ ಕ್ಲಾರೆನ್ಸಿನಲ್ಲಿ ತಮ್ಮ ಹೆಸರಿನ ಕಂಪನಿ ತೆರೆದರು. ಆ ವರ್ಷಗಳಲ್ಲಿ ಪ್ಲುಟೋನಿಯಂ 238ರ ಅಣುಬ್ಯಾಟರಿಯೂ ಕಣದಲ್ಲಿತ್ತು, 1970ರಲ್ಲಿ ಫ್ರಾನ್ಸಿನಲ್ಲಿ ಅಂಥದ್ದೊಂದನ್ನು ರೋಗಿಗೆ ಹಾಕಿಯೂ ಇದ್ದರು. ಆಯಸ್ಸು ದೊಡ್ಡದು, ಆದರೆ ಎದೆಯಲ್ಲಿ ವಿಕಿರಣ ವಸ್ತು ಹೊತ್ತವರ ಲೆಕ್ಕ ಜೀವನವಿಡೀ ಇಡಬೇಕು, ಸತ್ತ ಮೇಲೂ ಅದನ್ನು ವಾಪಸು ಪಡೆಯಬೇಕು. ಗ್ರೇಟ್‌ಬ್ಯಾಚ್ ಆರಿಸಿಕೊಂಡದ್ದು ಬಾಲ್ಟಿಮೋರಿನ ಸಂಶೋಧಕರು ಕಂಡುಹಿಡಿದಿದ್ದ ಲಿಥಿಯಂ ಅಯೋಡಿನ್ ಸೆಲ್.

ಅದರ ಕೆಲಸ ನೋಡಿದರೆ ಸಂತೋಷವಾಗುತ್ತದೆ. ಒಂದು ಬದಿ ಲಿಥಿಯಂ ಲೋಹ, ಇನ್ನೊಂದು ಬದಿ ಪಾಲಿಮರ್ ಜೊತೆ ಬೆರೆಸಿದ ಅಯೋಡಿನ್. ಎರಡೂ ತಾಗಿದಲ್ಲಿ ಲಿಥಿಯಂ ಅಯೋಡೈಡ್ ಎಂಬ ಉಪ್ಪಿನ ತೆಳುಪದರ ತಾನೇ ಹುಟ್ಟುತ್ತದೆ. ಬೇರೆ ಬ್ಯಾಟರಿಗಳಲ್ಲಿ ಎರಡು ಬದಿಯನ್ನು ಬೇರ್ಪಡಿಸಲು ಕಾಗದವೋ ಪೊರೆಯೋ ಬೇಕು, ಅದು ಹರಿದರೆ ಶಾರ್ಟ್. ಇಲ್ಲಿ ಬೇರ್ಪಡಿಸುವುದೂ ವಿದ್ಯುತ್ ದಾಟಿಸುವುದೂ ಆ ಉಪ್ಪೇ. ಎಲ್ಲಾದರೂ ಬಿರುಕು ಬಿಟ್ಟರೆ ಲಿಥಿಯಮ್ಮೂ ಅಯೋಡಿನ್ನೂ ಅಲ್ಲಿ ಮತ್ತೆ ತಾಗಿ ಹೊಸ ಉಪ್ಪು ಹುಟ್ಟಿ ಬಿರುಕು ಮುಚ್ಚುತ್ತದೆ, ಗಾಯ ಹೆಪ್ಪುಗಟ್ಟಿದ ಹಾಗೆ. ಅನಿಲ ಹುಟ್ಟುವುದಿಲ್ಲ, ಹಾಗಾಗಿ ಲೋಹದ ಡಬ್ಬಿಯಲ್ಲಿ ಬೆಸೆದು ಪೂರ್ತಿ ಮುಚ್ಚಬಹುದು. ಸೆಲ್ಲು ಹಳತಾದಂತೆ ಉಪ್ಪಿನ ಪದರ ದಪ್ಪವಾಗಿ ಒಳಗಿನ ತಡೆ ನಿಧಾನಕ್ಕೆ ಏರುತ್ತದೆ, 2.8 ವೋಲ್ಟ್ ಮೆಲ್ಲಗೆ ಇಳಿಯುತ್ತದೆ. ಡಾಕ್ಟರಿಗೆ ಅದು ತಿಂಗಳುಗಟ್ಟಲೆ ಮುಂಚೆಯೇ ಕಾಣುತ್ತದೆ. ಪೇಸ್‌ಮೇಕರ್ ತಪಾಸಣೆಗೆ ತಪ್ಪದೆ ಬನ್ನಿ ಅಂತ ಹೇಳುವುದರ ಒಂದು ಕಾರಣ ಇದೇ.

ಹೆಚ್ಚು ಕರೆಂಟ್ ಕೇಳಿದರೆ ಈ ಸೆಲ್ಲಿಗೆ ಕೊಡಲಾಗುವುದಿಲ್ಲ, ಆಟಿಕೆಯ ಮೋಟರೂ ಇದರಿಂದ ತಿರುಗದು. ಆದರೆ ಪೇಸ್‌ಮೇಕರ್ ಕೇಳುವುದು ಮೈಕ್ರೋಆಂಪಿಯರುಗಳ ಲೆಕ್ಕದಲ್ಲಿ. 1 ಆಂಪಿಯರ್-ಗಂಟೆಯ ಸೆಲ್ಲಿನಿಂದ ಸರಾಸರಿ 10 ಮೈಕ್ರೋಆಂಪಿಯರ್ ತೆಗೆದರೆ 1,00,000 ಗಂಟೆ ಬರುತ್ತದೆ, ಅಂದರೆ ಹನ್ನೊಂದು ವರ್ಷದ ಮೇಲೆ. ಕಷ್ಟವೆಲ್ಲ ತಯಾರಿಕೆಯಲ್ಲಿ. ಲಿಥಿಯಮ್ಮಿಗೆ ತೇವ ಆಗದು, ಗಾಳಿಯ ಪಸೆ ತೆಗೆದ ಒಣ ಕೋಣೆಯಲ್ಲೇ ಜೋಡಿಸಬೇಕು. ಅಯೋಡಿನ್ ಲೋಹವನ್ನು ತಿನ್ನುತ್ತದೆ, ಚೂರು ಸೋರಿದರೂ ಸರ್ಕ್ಯೂಟ್ ಹಾಳು. ತಂತಿ ಡಬ್ಬಿಯಿಂದ ಹೊರಬರುವ ತೂತನ್ನು ಗಾಜಿನಿಂದ ಲೋಹಕ್ಕೆ ಬೆಸೆದು ಮುಚ್ಚಬೇಕು. ಪ್ರಯೋಗಾಲಯದ ಸೆಲ್ಲನ್ನು ಸಾವಿರಗಟ್ಟಲೆ ಮಾಡಿ ಎದೆಯೊಳಗೆ ಇಡುವಷ್ಟು ನಂಬಿಕೆಯದಾಗಿಸಿದ್ದು ಗ್ರೇಟ್‌ಬ್ಯಾಚರ ದೊಡ್ಡ ಕೆಲಸ ಅಂತ ನಾನು ತಿಳಿದಿದ್ದೇನೆ, ರೆಸಿಸ್ಟರಿಗಿಂತ ಇದು ದೊಡ್ಡದು. 1972ರಲ್ಲಿ ಲಿಥಿಯಂ ಅಯೋಡಿನ್ ಪೇಸ್‌ಮೇಕರ್ ಇಟಲಿಯಲ್ಲಿ ಮೊದಲ ಸಲ ರೋಗಿಯ ಮೈ ಸೇರಿತು. ಕೆಲವೇ ವರ್ಷದಲ್ಲಿ ಪಾದರಸದ ಸೆಲ್ಲು ಪೇಸ್‌ಮೇಕರಿನಿಂದ ಮರೆಯಾಯಿತು.

ಹತ್ತರಲ್ಲಿ ಒಂಬತ್ತು

ದುಡ್ಡು ಬಂದ ಮೇಲೂ ಅವರು ಕ್ಲಾರೆನ್ಸ್ ಬಿಡಲಿಲ್ಲ. ಗಳಿಕೆಯ ದೊಡ್ಡ ಪಾಲನ್ನು ದಾನ ಮಾಡಿದರು. ಹೆಸರಲ್ಲಿ 150ಕ್ಕೂ ಹೆಚ್ಚು ಪೇಟೆಂಟುಗಳಿದ್ದವು, ಆದರೂ ತಾವು ಕೈಹಾಕಿದ ಹತ್ತರಲ್ಲಿ ಒಂಬತ್ತು ಕೆಡುತ್ತವೆ, ಹತ್ತನೆಯದು ಉಳಿದ ಒಂಬತ್ತರ ಖರ್ಚು ತೀರಿಸುತ್ತದೆ ಅಂತ ಹೇಳುತ್ತಿದ್ದರು. ಯುದ್ಧದಲ್ಲಿ ಗೆಲುವು ಸೋಲು ತನ್ನ ಕೈಯಲ್ಲಿಲ್ಲ ಅಂತ ಕಂಡುಕೊಂಡವರಿಗೆ ಆ ಒಂಬತ್ತು ಹೆದರಿಕೆ ಹುಟ್ಟಿಸದಿದ್ದದ್ದು ನನಗೆ ಸಹಜವಾಗಿ ಕಾಣುತ್ತದೆ. ಬಿಸಿಲಿನಿಂದ ನಡೆಯುವ ದೋಣಿ ಮಾಡಿ, 72ನೇ ವಯಸ್ಸಿನಲ್ಲಿ ನ್ಯೂಯಾರ್ಕ್ ರಾಜ್ಯದ ಸರೋವರಗಳ ಮೇಲೆ 160 ಮೈಲಿ ಹೋದರು. ಶಾಲೆಗಳಿಗೆ ಹೋಗಿ ಚಿಕ್ಕ ಮಕ್ಕಳ ಮುಂದೆ ನಿಂತು ಮಾತಾಡುತ್ತಿದ್ದರು.

2011ರ ಜನವರಿಯಲ್ಲಿ ಎಲಿನರ್ ತೀರಿಕೊಂಡರು, ಅದೇ ವರ್ಷ ಸೆಪ್ಟೆಂಬರಿನಲ್ಲಿ 92 ತುಂಬಿದ ಗ್ರೇಟ್‌ಬ್ಯಾಚ್. ಅದಕ್ಕೂ ಕೆಲವು ವರ್ಷ ಮೊದಲೇ ಓದಲಾಗದಷ್ಟು ಕಣ್ಣು ಮಂಜಾಗಿತ್ತು. ಆದರೂ ವಿದ್ಯಾರ್ಥಿಗಳು ತಿದ್ದಿಕೊಡಿ ಅಂತ ಕಳಿಸಿದ ಪ್ರಬಂಧಗಳನ್ನು ಅವರು ವಾಪಸು ಕಳಿಸಲಿಲ್ಲ. ಕಾರ್ಯದರ್ಶಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಜೋರಾಗಿ ಓದಿಸಿ ಕೇಳುತ್ತಿದ್ದರು.